ಕೆಂಪು ಮುಚ್ಚಳದ ಎರೆಹುಳು

ಎರೆಹುಳುವಿಗೆ ಮುಚ್ಚಳವಿರುವುದಿಲ್ಲ. ಇದನ್ನು ದ್ವಿತೀಯ ಪಿಯುಸಿ ವಿಜ್ಞಾನದ ಮಕ್ಕಳಿಗೆ ಬಿಡಿಸಿ ಹೇಳಬೇಕಾಗುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಸರ್ಕಾರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ಮನೆಯಲ್ಲಿ ಕೂತು ಧಾರಾವಾಹಿ ನೋಡುವುದು ನನ್ನಿಂದಾಗಲಿಲ್ಲ. ಜಿಗಣಿಯ ಒಂದು ಖಾಸಗಿ ಕಾಲೇಜಿನವರು ಕರೆದರು, ಹೋದೆ. ಹೊಸೂರು ರಸ್ತೆಯ ನಡುವೆ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದ ವರ್ಷಗಳವು. ಬಸ್ಸು ಎಷ್ಟು ಹೊತ್ತಿಗೆ ಎಲ್ಲಿ ನಿಲ್ಲುತ್ತದೆಂದು ಚಾಲಕನಿಗೇ ಗೊತ್ತಿರುತ್ತಿರಲಿಲ್ಲ. ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಬೆಳಕು ಹರಿಯುವ ಮೊದಲೇ ಮನೆ ಬಿಟ್ಟು, ಮೊದಲ ಪಾಠಕ್ಕೆ ಮುಂಚೆ ಪ್ರಯೋಗಾಲಯದ ಬೀಗ ತೆಗೆಯುತ್ತಿದ್ದೆ. ಅದನ್ನು ನೋಡಿ ಪ್ರಾಂಶುಪಾಲರಿಗೆ ಗಾಬರಿ. "ಮೇಡಂ, ಲ್ಯಾಬ್ ಬೇಕಾಗೋದು ಎಕ್ಸಾಮ್ ಟೈಮಲ್ಲಿ. ಈಗ್ಲೇ ಯಾಕೆ ತೆಗೀತೀರಿ, ಧೂಳು ಬರುತ್ತೆ" ಎಂದರು.

ಧೂಳು ಬರುತ್ತಿದ್ದದ್ದು ನಿಜ. ಕಾಲೇಜಿನ ಹಿಂದೆ ಗ್ರಾನೈಟ್ ಕತ್ತರಿಸುವ ಘಟಕಗಳ ಸಾಲು. ಕೆಳ ಮಹಡಿಯ ಬೇಕರಿಯ ಬನ್ನಿನ ಮೇಲೂ ನಮ್ಮ ಸೂಕ್ಷ್ಮದರ್ಶಕದ ಮೇಲೂ ಒಂದೇ ಬೂದುಬಣ್ಣದ ಪುಡಿ ಕೂರುತ್ತಿತ್ತು.

ಪ್ರಯೋಗಾಲಯದ ಗಾಜಿನ ಬಾಗಿಲಿನ ಕಪಾಟಿನಲ್ಲಿ ಅಕಶೇರುಕಗಳ, ಅಂದರೆ ಬೆನ್ನೆಲುಬಿಲ್ಲದ ಪ್ರಾಣಿಗಳ, ಜಾಡಿಗಳಿದ್ದವು. ಯಾವ ಕಾಲದಲ್ಲಿ ಫಾರ್ಮಾಲಿನ್‌ನಲ್ಲಿ ಮುಳುಗಿಸಿದ್ದರೋ, ಎಲ್ಲವೂ ಬಣ್ಣ ಬಿಟ್ಟು ಬೆಂದ ಶಾವಿಗೆಯ ಹಾಗೆ ಬೆಳ್ಳಗಾಗಿದ್ದವು. ಜಾಡಿಗಳೋ ಒಂದೊಂದು ಒಂದೊಂದು ಮನೆಯಿಂದ ಬಂದ ಹಾಗಿದ್ದವು: ಉಪ್ಪಿನಕಾಯಿಯದು, ಜೇನಿನದು, ಮೂತಿ ಒಡೆದದ್ದು, ಓರೆಯಾಗಿ ನಿಲ್ಲುವುದು, ಹಸಿರು ಗಾಜಿನದು. ಹೆಸರಿನ ಚೀಟಿಗಳು ಉದುರಿ ಹೋಗಿದ್ದವು. ಆದರೂ ಮಕ್ಕಳಿಗೆ ಎಲ್ಲವೂ ಗೊತ್ತಿತ್ತು. ನಾನು ಜಾಡಿ ಎತ್ತುವುದೇ ತಡ, ಪ್ರಶ್ನೆ ಕೇಳುವ ಮೊದಲೇ ಇಡೀ ತರಗತಿ ಹೆಸರನ್ನೂ ಫೈಲಮ್ಮನ್ನೂ, ಅಂದರೆ ಆ ಪ್ರಾಣಿ ಸೇರುವ ವಂಶವನ್ನೂ, ಕೂಗುತ್ತಿತ್ತು: "ಅರ್ಥ್ ವರ್ಮ್, ಫೈಲಮ್ ಅನೆಲಿಡಾ!" "ಸ್ಟಾರ್ ಫಿಶ್, ಎಕೈನೊಡರ್ಮೇಟಾ!" ಇಂಥ ಚುರುಕು ಮಕ್ಕಳನ್ನು ನಾನು ಕಂಡಿರಲಿಲ್ಲ. ಒಂದು ವಾರ ಹಿಗ್ಗಿದೆ.

ಆಮೇಲೊಂದು ದಿನ ಮಳೆ ಬಂತು. ಕಾಲೇಜಿನ ಮೆಟ್ಟಿಲ ಹತ್ತಿರ ಎರೆಹುಳುಗಳು ಎದ್ದಿದ್ದವು. ಒಂದನ್ನು ತಟ್ಟೆಗೆ ಹಾಕಿಕೊಂಡು ತರಗತಿಗೆ ಹೋದೆ.

"ಇದು ಯಾವ ಫೈಲಮ್?"

ಮುಂದಿನ ಬೆಂಚಿನ ಹುಡುಗ ತಟ್ಟೆಗೆ ಬಗ್ಗಿ ನೋಡಿ, "ಎರೆಹುಳು ಮೇಡಂ" ಎಂದ.

"ಅದು ನನಗೂ ಗೊತ್ತು. ಯಾವ ಫೈಲಮ್?"

"ಇದಕ್ಕೆ ಯಾರೂ ಹೇಳ್ಕೊಟ್ಟಿಲ್ಲ ಮೇಡಂ. ಬಾಟ್ಲೀಲಿರೋದಕ್ಕೆ ಗೊತ್ತು."

"ಬಾಟ್ಲೀಲಿರೋದು ಎರೆಹುಳು ಅಂತ ಹೇಗೆ ಕಂಡುಹಿಡಿದೆ?"

ಇದೂ ಒಂದು ಪ್ರಶ್ನೆಯೇ ಎನ್ನುವ ಹಾಗೆ ಅವನು ನನ್ನನ್ನು ನೋಡಿದ. "ಕೆಂಪು ಮುಚ್ಚಳ ಅಲ್ವಾ ಮೇಡಂ?"

ಮರುದಿನ ಆ ಕೆಂಪು ಮುಚ್ಚಳವನ್ನು ನಕ್ಷತ್ರ ಮೀನಿನ ಜಾಡಿಗೆ ಹಾಕಿಕೊಂಡು ಹೋಗಿ ಎತ್ತಿ ಹಿಡಿದೆ. ಒಳಗೆ ಐದು ತೋಳು ಚಾಚಿಕೊಂಡು ಪ್ರಾಣಿ ಕೂತಿದೆ. ತರಗತಿ ಒಕ್ಕೊರಲಿನಿಂದ ಕೂಗಿತು: "ಅರ್ಥ್ ವರ್ಮ್!"

ಜಾಡಿ ಕೆಳಗಿಟ್ಟು ಕುರ್ಚಿಯ ಮೇಲೆ ಕೂತೆ. ಪಾಠದ ನಡುವೆ ನಾನು ಕೂರುವವಳಲ್ಲ.

ವಿಚಾರಿಸಿದಾಗ ತಿಳಿದದ್ದು, ಇದು ಆ ಕಾಲೇಜಿನ ಸಂಪ್ರದಾಯ. ಸೀನಿಯರ್‌ಗಳು ಜೂನಿಯರ್‌ಗಳಿಗೆ ಹೇಳಿಕೊಟ್ಟು ಹೋಗುತ್ತಿದ್ದರು: ಮೂತಿ ಒಡೆದದ್ದು ಜಿಗಣೆ, ಓರೆ ನಿಲ್ಲುವುದು ಲಾಡಿಹುಳು, ಹಸಿರು ಗಾಜು ಜಿರಳೆ. ಮೂಲಗುರು ನಮ್ಮ ಅಟೆಂಡರ್, ಆನೇಕಲ್ ಕಡೆಯ ಹಳ್ಳಿಯವರು. ಕೇಳಿದರೆ ಅವರಿಗೆ ಹೆಮ್ಮೆಯೋ ಹೆಮ್ಮೆ.

"ನಾನೇ ಏಳ್ಕೊಟ್ಟಿದ್ದು ಮೇಡಂ. ಎಲ್ಲಾ ವರ್ಸಾನೂ ಇಂಗೇ ಪಾಸಾಗವ್ರೆ. ಒಬ್ರೂ ಬಿದ್ದಿಲ್ಲ."

"ಜಾಡಿ ಒಡೆದುಹೋದರೆ?"

"ಅಂಗೆಲ್ಲ ಒಡೆಯಾಕೆ ಬುಡ್ತೀನಾ ಮೇಡಂ?"

ಅದೇ ವಾರ ಒಂದೇ ಅಳತೆಯ, ಒಂದೇ ಬಿಳಿ ಮುಚ್ಚಳದ ಹೊಸ ಜಾಡಿಗಳಿಗೆ ಬೇಡಿಕೆ ಬರೆದು ಪ್ರಾಂಶುಪಾಲರ ಮೇಜಿನ ಮೇಲಿಟ್ಟೆ. ಅವರು ಗೊಣಗಿಕೊಂಡೇ ಸಹಿ ಹಾಕಿದರು. ಸುದ್ದಿ ತರಗತಿಗೆ ಮುಟ್ಟಿದ ಸಂಜೆ ಒಬ್ಬ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಳು.

ಅವಳು ಕೊಪ್ಪಳದ ಕಡೆಯವಳು. ತಂದೆ ಗ್ರಾನೈಟ್ ಪಾಲಿಶ್ ಮಾಡುವ ಕಡೆ, ತಾಯಿ ಗಾರ್ಮೆಂಟ್ಸ್‌ನಲ್ಲಿ. ಹಿಂದಿನ ವರ್ಷ ಪ್ರಾಯೋಗಿಕ ಪರೀಕ್ಷೆಯ ಹೊತ್ತಿಗೆ ಸರಿಯಾಗಿ ಅವಳಿಗೆ ಸೀತಾಳೆ ಸಿಡುಬು ಎದ್ದು ಪರೀಕ್ಷೆ ತಪ್ಪಿತ್ತು. ಜೀವಶಾಸ್ತ್ರ ಹೋಗಿತ್ತು. ಉಳಿದ ವಿಷಯಗಳೆಲ್ಲ ಮುಗಿದಿದ್ದವು, ಇದೊಂದಕ್ಕಾಗಿ ಮತ್ತೆ ಕೂರುತ್ತಿದ್ದಳು. ಪಾಸಾದರೆ ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ. ಇಲ್ಲದಿದ್ದರೆ ತಾಯಿ ತನ್ನ ಸೂಪರ್‌ವೈಸರ್ ಹತ್ತಿರ ಆಗಲೇ ಮಾತಾಡಿಟ್ಟಿದ್ದಳು. ಜೂನ್ ತಿಂಗಳಿಂದ ಹೊಲಿಗೆ ಯಂತ್ರದ ಮುಂದೆ.

"ಮೇಡಂ, ಈ ವರ್ಷ ಒಂದ, ಹಳೇ ಬಾಟ್ಲಿ ಹಂಗ ಬಿಡ್ರಿ. ನಾ ಪಾಸಾಗಿ ಹೋದ ಮ್ಯಾಲ ಬೇಕಾದ್ರ ಎಲ್ಲಾ ಒಡದ್ ಹಾಕ್ರಿ."

"ಯಾಕೆ?"

"ಥಿಯರಿ ನನ್ನ ತಲ್ಯಾಗ ನಿಂದ್ರೂದಿಲ್ರಿ. ಪ್ರಾಕ್ಟಿಕಲ್ ಮಾರ್ಕ್ಸೇ ಕೈ ಹಿಡೀಬೇಕ್ರಿ. ಎಲ್ಲಾ ಬಾಟ್ಲಿ ಬಾಯಿಪಾಠ ಮಾಡೀನಿ."

"ಬಾಟ್ಲಿ ಬಾಯಿಪಾಠ ಆಗಿದೆ. ಪ್ರಾಣಿ?"

"ಪ್ರಾಣಿ ಎಲ್ಲಾ ಒಂದ ನಮೂನಿ ಕಾಣ್ತಾವ್ರಿ. ಬೆಳ್ಳಗ ಆಗಿ ಹೋಗ್ಯಾವು."

ನನಗೆ ತಾಳ್ಮೆ ತಪ್ಪಿತು. "ನಾಳೆ ಆಸ್ಪತ್ರೆಯಲ್ಲಿ ರಕ್ತದ ನಳಿಕೆ ಕೈಗೆ ಕೊಟ್ಟರೂ ಮುಚ್ಚಳದ ಬಣ್ಣ ನೋಡುತ್ತೀಯೇನಮ್ಮ? ಒಳಗೆ ಏನಿದೆ ಅಂತ ನೋಡುವುದಿಲ್ಲವಾ?"

ಅವಳು ತಲೆ ತಗ್ಗಿಸಿ ಹೋದಳು. ಜಾಡಿಗಳು ಬಂದವು. ಹಳೆಯವನ್ನೆಲ್ಲ ನಾನೇ ನಿಂತು ಹೊರಗೆ ಹಾಕಿಸಿದೆ. ಅಟೆಂಡರ್, ಮನೆಯ ಹಸು ಮಾರಿದವರ ಹಾಗೆ ಮುಖ ಮಾಡಿಕೊಂಡು ಎರಡು ದಿನ ನನ್ನೊಡನೆ ಮಾತು ಬಿಟ್ಟರು.

ಆಮೇಲೆ ಪಾಠ ಮೊದಲಿನಿಂದ ಶುರು. ಬೆಳ್ಳಗಾದ ಪ್ರಾಣಿ ಗುರುತು ಸಿಗಬೇಕಾದರೆ ಹಸಿ ಪ್ರಾಣಿ ನೋಡಿರಬೇಕು. ಬೇಕರಿಗೆ ಹೋಗಿ ಎರಡು ಜಿರಳೆ ಹಿಡಿದುಕೊಳ್ಳಲು ಅನುಮತಿ ಕೇಳಿದೆ. ಮಾಲೀಕರು ಗಿರಾಕಿಗಳ ಮುಂದೆಯೇ ಕೆಂಪಾದರು. "ಮೇಡಂ, ನಮ್ಮಲ್ಲಿ ಜಿರಳೆ ಅನ್ನೋ ಮಾತೇ ಇಲ್ಲ!" ಎಂದು ಜೋರಾಗಿ ಹೇಳಿ, ನಾನು ಮೆಟ್ಟಿಲು ಹತ್ತುವಾಗ ಹಿಂದಿನಿಂದ ಬಂದು ಮೆಲ್ಲಗೆ, "ಸಂಜೆ ಹಿಂದಿನ ಬಾಗ್ಲಿಗೆ ಬನ್ನಿ" ಎಂದರು. ಮೀನಿನಂಗಡಿಯಲ್ಲಿ ಸಿಗಡಿ ಕೊಂಡೆ, ಜೀವಮಾನದಲ್ಲಿ ಮೊದಲ ಬಾರಿಗೆ.

"ಕ್ಲೀನ್ ಮಾಡ್ಲಾ ಅಕ್ಕಾ?"

"ಬೇಡಪ್ಪ. ತಲೆ, ಕಾಲು, ಮೀಸೆ ಎಲ್ಲ ಹಾಗೇ ಇರಲಿ."

"ಹಂಗೇ ಹಾಕಿದ್ರೆ ಸಾರು ಕೆಟ್ಟೋಗುತ್ತಲ್ಲಕ್ಕಾ."

"ಸಾರಿಗಲ್ಲ. ಪಾಠಕ್ಕೆ."

ಅವನು ಪಕ್ಕದವನ ಮುಖ ನೋಡಿದ.

ಒಂದೊಂದು ಪ್ರಾಣಿಯನ್ನೂ ಟ್ರೇಯಲ್ಲಿಟ್ಟು, ಹೆಸರು ಹೇಳುವುದಕ್ಕೆ ಮೊದಲು ಮೈ ಓದಬೇಕೆಂದು ಕಟ್ಟಪ್ಪಣೆ ಮಾಡಿದೆ. ಮೈ ಉಂಗುರ ಉಂಗುರವಾಗಿದೆಯೇ? ಕಾಲಿದೆಯೇ? ಇದ್ದರೆ ಕಾಲಿಗೆ ಕೀಲಿದೆಯೇ? ಚಿಪ್ಪಿದೆಯೇ, ಚಿಪ್ಪಿನ ಬಾಯಿಗೆ ಮುಚ್ಚಳವಿದೆಯೇ? (ಬಸವನಹುಳುವಿಗೆ ಮಾತ್ರ ಮುಚ್ಚಳವಿರಬಹುದು, ಅದೂ ಕೆಂಪಲ್ಲ, ಎಂದು ಹೇಳಿದೆ. ಯಾರೂ ನಗಲಿಲ್ಲ.) ಜಿಗಣೆಗೆ ಎರಡು ತುದಿಯಲ್ಲೂ ಹೀರುವ ಬಟ್ಟಲು. ಎರೆಹುಳುವಿಗೆ ಕುತ್ತಿಗೆಯ ಹತ್ತಿರ ಪಟ್ಟಿ ಕಟ್ಟಿದಂಥ ದಪ್ಪ ಭಾಗ.

ಮಕ್ಕಳು ಹೆಚ್ಚು ಎಡವಿದ್ದು ಎರಡು ಪ್ರಾಣಿಗಳಲ್ಲಿ. ನೀರಿಸ್ ಎನ್ನುವುದು ಕಡಲಿನ ಹುಳು, ಎರೆಹುಳುವಿನ ನೆಂಟ. ಶತಪದಿ ನೆಲದ ಪ್ರಾಣಿ, ಜಿರಳೆಯ ನೆಂಟ. ಫಾರ್ಮಾಲಿನ್‌ನಲ್ಲಿ ಬಿಳಿಚಿಕೊಂಡ ಮೇಲೆ ಎರಡೂ ಉದ್ದ, ಎರಡಕ್ಕೂ ಇಕ್ಕೆಲದಲ್ಲಿ ಬಾಚಣಿಗೆಯ ಹಲ್ಲಿನಂತೆ ಕಾಲುಗಳ ಸಾಲು. ಆದರೆ ನೀರಿಸ್‌ನ ಕಾಲು ಬರೀ ಮಾಂಸದ ಮಡಿಕೆ, ತುದಿಗೆ ಬಿರುಗೂದಲು. ಶತಪದಿಯ ಕಾಲಿಗೆ ನಮ್ಮ ಮೊಣಕಾಲಿನ ಹಾಗೆ ಕೀಲುಗಳಿವೆ. ಕೀಲು ಕಂಡರೆ ಅದು ಸಂಧಿಪದಿ, ಆರ್ಥ್ರೊಪೋಡಾ. ಕಾಣದಿದ್ದರೆ ಅಲ್ಲ. ಅಷ್ಟೇ ವಿಷಯ. ಕೊಪ್ಪಳದ ಹುಡುಗಿ ಇವೆರಡನ್ನೂ ಮತ್ತೆ ಮತ್ತೆ ಅದಲುಬದಲು ಹೇಳುತ್ತಿದ್ದಳು, ನಾನು ಮತ್ತೆ ಮತ್ತೆ ಬೈಯುತ್ತಿದ್ದೆ. "ಹೆಸರು ಹೇಳಬೇಡ. ಕೀಲಿದೆಯೋ ಇಲ್ಲವೋ ಹೇಳು." ಕೊನೆಗೆ ಅವಳು ಸಿಟ್ಟಿನಿಂದಲೇ ಚಿಮುಟ ಹಿಡಿದು ಒಂದು ಕಾಲನ್ನು ಬಿಡಿಸಿ, ಭೂತಗನ್ನಡಿಯಲ್ಲಿ ನೋಡಿ, "ಐತ್ರಿ. ಕೀಲು ಐತಿ" ಎಂದಳು. ಆ ದಿನದಿಂದ ತಪ್ಪಲಿಲ್ಲ.

ಕಪಾಟನ್ನೂ ಶಿಸ್ತಾಗಿ ಜೋಡಿಸಿದೆ. ಸರಳ ಪ್ರಾಣಿಯಿಂದ ಸಂಕೀರ್ಣ ಪ್ರಾಣಿಯ ಕಡೆಗೆ, ವರ್ಗೀಕರಣದ ಕ್ರಮದಲ್ಲಿ: ಸ್ಪಂಜು, ಕಡಲ ಹೂವು, ಲಾಡಿಹುಳು, ದುಂಡುಹುಳು, ಎರೆಹುಳು, ನೀರಿಸ್, ಜಿಗಣೆ, ಸಿಗಡಿ, ಜಿರಳೆ, ಶತಪದಿ, ಬಸವನಹುಳು, ನಕ್ಷತ್ರ ಮೀನು. ಜಾಡಿಗೆ ಚೀಟಿ ಅಂಟಿಸಿದರೆ ಮಕ್ಕಳು ಚೀಟಿ ಓದುತ್ತಾರೆಂದು ಕಪಾಟಿನ ಹಲಗೆಯ ಅಂಚಿಗೆ ಅಂಟಿಸಿದೆ. ಇನ್ನು ಮೋಸಕ್ಕೆ ದಾರಿಯಿಲ್ಲ ಎಂದುಕೊಂಡೆ.

ಪರೀಕ್ಷೆಯ ಹಿಂದಿನ ಸಂಜೆ ಆ ಚೀಟಿಗಳನ್ನು ಕಿತ್ತು ಮನೆಗೆ ಹೋದೆ. ಬೆಳಿಗ್ಗೆ ಹೊರಗಿನ ಪರೀಕ್ಷಕರು ಬಂದರು. ಸಸ್ಯಶಾಸ್ತ್ರದವರು, ಒಂದು ಒಣಗಿದ ಎಲೆ ಕೊಟ್ಟರೆ ಆ ಗಿಡದ ಜಾತಕ ಹೇಳುವಂಥವರು. ನಮ್ಮ ಕಾಲೇಜಿಗೆ ವರ್ಷವೂ ಅವರೇ ಬರುತ್ತಿದ್ದರಂತೆ. ಕಪಾಟಿನ ಮುಂದೆ ನಿಂತು ಅವರ ಮುಖ ಇಳಿಯಿತು.

"ಏನ್ ಮೇಡಂ, ಎಲ್ಲಾ ಒಂದೇ ಥರ ಮಾಡಿಟ್ಬಿಟ್ಟಿದ್ದೀರಿ? ಆ ಮೂತಿ ಒಡೆದಿರೋ ಬಾಟ್ಲಿ ಎಲ್ಲೋಯ್ತು?"

"ಹೊರಗೆ ಹಾಕಿಸಿದೆ ಸಾರ್."

"ಅಯ್ಯೋ, ಪ್ರತಿ ವರ್ಷ ಅದನ್ನ ಒಂದು ಇಟ್ಟೇ ಇಡ್ತಿದ್ದೆ ಕಣ್ರೀ. ಜಿಗಣೆ ಅಲ್ವಾ ಅದು?"

ಅವರೂ ಮೂತಿ ನೋಡಿಯೇ ಜಿಗಣೆ ಹೇಳುವ ಪಂಗಡ. ನನಗೆ ಹಣೆ ಚಚ್ಚಿಕೊಳ್ಳುವಂತಾಯಿತು. "ಪರವಾಗಿಲ್ಲ ಬಿಡಿ, ಜೋಡಿಸಿರೋ ಆರ್ಡರ್ ಹೇಳಿ ಸಾಕು" ಎಂದರು. ಒಪ್ಪಿಸಿದೆ. ಅವರು ಅದರಂತೆ ಅಲ್ಲೊಂದು ಇಲ್ಲೊಂದು ಜಾಡಿ ತೆಗೆದು, ಅಂಕಿ ಬರೆದ ಚೀಟಿ ಹಚ್ಚಿ, ಉದ್ದ ಮೇಜಿನ ಮೇಲೆ ಅದೇ ಸಾಲಿನಲ್ಲಿ ಇಟ್ಟರು. ನಾನು ಕಿಟಕಿಯ ಪಕ್ಕ ಸೂಕ್ಷ್ಮದರ್ಶಕಗಳನ್ನು ಸರಿಮಾಡುತ್ತಿದ್ದೆ.

ಮಕ್ಕಳು ಬಂದು ಬರೆಯತೊಡಗಿದರು. ಒಬ್ಬೊಬ್ಬರೂ ಜಾಡಿಯ ಮುಂದೆ ನಿಂತು, ತಲೆಯೆತ್ತಿ ಕಪಾಟಿನ ಕಡೆ ಒಮ್ಮೆ ನೋಡಿ, ಬರೆದು ಮುಂದೆ ಹೋಗುತ್ತಿದ್ದರು. ಯೋಚಿಸುತ್ತಿದ್ದಾರೆ ಎಂದುಕೊಂಡೆ. ಕೊಪ್ಪಳದ ಹುಡುಗಿ ಒಬ್ಬಳೇ ಪ್ರತಿ ಜಾಡಿಗೂ ಮೂಗು ತಾಗುವಷ್ಟು ಬಗ್ಗಿ ನಿಂತು ಹೊತ್ತು ಕಳೆಯುತ್ತಿದ್ದಳು. ಹಿಂದಿನವರು "ಬೇಗ ಹೋಗೇ" ಎಂದು ತಿವಿಯುತ್ತಿದ್ದರು.

ಪರೀಕ್ಷಕರು ಉತ್ತರಗಳನ್ನು ಅಲ್ಲೇ ತಿದ್ದಿ, ಒಬ್ಬೊಬ್ಬರನ್ನೇ ಮೌಖಿಕ ಪರೀಕ್ಷೆಗೆ ಕರೆದರು. ಅವಳ ಸರದಿ ಬಂತು.

"ನಾಲ್ಕನೇದು ಏನು ಬರ್ದಿದ್ದೀಯಮ್ಮ?"

"ಶತಪದಿ ರೀ ಸರ್. ಆರ್ಥ್ರೊಪೋಡಾ."

"ತಪ್ಪು. ನೀರಿಸ್ ಅದು. ಎಲ್ರೂ ಸರಿಯಾಗಿ ಬರ್ದಿದ್ದಾರೆ, ನೀನೊಬ್ಳೇ ಬೇರೆ. ರಿಪೀಟರಾ?"

"ಹೌದ್ರಿ ಸರ್."

"ಅದಕ್ಕೇ ಮತ್ತೆ."

ನಾನು ಕಿಟಕಿಯಿಂದ ಮೇಜಿನ ಕಡೆ ನೋಡಿದೆ. ಅಷ್ಟು ದೂರಕ್ಕೆ ನನ್ನ ಕಣ್ಣಿಗೂ ಅದೊಂದು ಬಿಳಿಯ ಬಾಚಣಿಗೆ, ಅಷ್ಟೇ. ಪರೀಕ್ಷಕರು ಮೌಖಿಕ ಪ್ರಶ್ನೆ ಕೇಳುವಾಗ ಪಾಠ ಮಾಡಿದವರು ಬಾಯಿ ಹಾಕಬಾರದು. ಅದು ನಿಯಮ, ಮತ್ತು ನಿಯಮಗಳನ್ನು ನಾನು ಮುರಿದವಳಲ್ಲ. ಅವಳು ಒಮ್ಮೆ ನನ್ನ ಕಡೆ ತಿರುಗಿದಳು. ನಾನು ಬಾಯಿ ಬಿಗಿಹಿಡಿದು ಕೈಯಲ್ಲಿದ್ದ ಸ್ಲೈಡನ್ನು ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ.

"ನೀರಿಸ್ ಅಲ್ರಿ ಸರ್."

"ವಾದ ಮಾಡ್ಬೇಡಮ್ಮ. ಆಮೇಲೆ ವೈವಾ ಮಾರ್ಕ್ಸೂ ಹೋಗುತ್ತೆ. ಪಾಸಾಗ್ಬೇಕೋ ಬೇಡ್ವೋ?"

ಹೂಂ ಎಂದುಬಿಡುತ್ತಾಳೆ ಎಂದುಕೊಂಡೆ. ಅವಳ ಜಾಗದಲ್ಲಿ ಯಾರಾದರೂ ಅನ್ನುತ್ತಿದ್ದರು.

"ಪಾಸಾಗ್ಬೇಕ್ರಿ ಸರ್. ಅದಕ್ಕ ಕೇಳಾಕತ್ತೀನಿ. ಒಂದ್ ಟ್ರೇ ಕೊಡ್ರಿ, ಹೊರಗ ತಗದು ತೋರಸ್ತೀನಿ."

ಪರೀಕ್ಷಕರು ಗಡಿಯಾರ ನೋಡಿದರು. ಅಟೆಂಡರ್ ಕೇಳುವ ಮೊದಲೇ ಟ್ರೇ ತಂದಿಟ್ಟರು. ಅವಳು ಮುಚ್ಚಳ ತೆಗೆದಳು. ಫಾರ್ಮಾಲಿನ್ ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು. ಚಿಮುಟದಿಂದ ಪ್ರಾಣಿಯನ್ನು ಎತ್ತಿ ಟ್ರೇಯಲ್ಲಿ ಮಲಗಿಸಿ, ಸೂಜಿಯಿಂದ ಒಂದು ಕಾಲನ್ನು ಬಿಡಿಸಿ ಚಾಚಿದಳು. ಕಾಲು ಮುರಿಯಲಿಲ್ಲ.

"ನೋಡ್ರಿ ಸರ್. ಇಲ್ಲೊಂದ್ ಕೀಲು. ಇಲ್ಲೊಂದು. ನೀರಿಸ್‌ಗೆ ಕೀಲು ಇರೂದಿಲ್ರಿ. ಹಿಂದಿನ ಕಾಲ್ ಜೋಡಿ ಬಾಲದಂಗ ಹಿಂದಕ್ಕ ಚಾಚೇತಿ. ತಲೀ ಕೆಳಗ ವಿಷದ ಕೊಂಡಿ ಐತಿ."

ಪರೀಕ್ಷಕರು ಭೂತಗನ್ನಡಿ ತೆಗೆದುಕೊಂಡು ಬಗ್ಗಿದರು. ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ. ಎದ್ದು, ನನ್ನನ್ನು ಕರೆದರು.

"ಮೇಡಂ, ನೀವು ಹೇಳಿದ ಆರ್ಡರಲ್ಲಿ ಇದು ನೀರಿಸ್ ತಾನೇ?"

"ಆರ್ಡರಲ್ಲಿ ನೀರಿಸ್ ಸಾರ್. ಟ್ರೇಯಲ್ಲಿ ಶತಪದಿ."

ಎಲ್ಲರೂ ಅಟೆಂಡರ್ ಕಡೆ ತಿರುಗಿದೆವು. "ಎಕ್ಸಾಮು ಅಂತ ನಿನ್ನೆ ಸಂಜೆ ಧೂಳ್ ಒರ್ಸಿಟ್ಟೆ ಮೇಡಂ" ಎಂದರು ಅವರು. "ಎರ್ಡೂ ಒಂದೇ ತರ ಇದ್ವಲ್ಲ. ಮೊದ್ಲಿನ ಬಾಟ್ಲಿ ಆಗಿದ್ರೆ ಇಂಗಾಗ್ತಿರ್ಲಿಲ್ಲ."

ಪರೀಕ್ಷಕರು ದೊಡ್ಡ ಮನುಷ್ಯರೇ. ಅವಳ ಉತ್ತರಕ್ಕೆ ಹಾಕಿದ್ದ ತಪ್ಪಿನ ಗುರುತನ್ನು ಹೊಡೆದುಹಾಕಿ ಸರಿ ಹಾಕಿದರು. "ಕೂತ್ಕೋಮ್ಮ" ಎಂದು, ಮುಂದೆ ಒಂದೂ ಪ್ರಶ್ನೆ ಕೇಳದೆ ಮೌಖಿಕದ ಅಂಕ ಬರೆದರು. ಆಮೇಲೆ ಅವರಿಗೆ ಹೊಳೆಯಿತು. "ಹಾಗಾದ್ರೆ ಉಳಿದವರೆಲ್ಲ ನೀರಿಸ್ ಅಂತ ಹೇಗೆ ಬರೆದ್ರು?"

ನನಗೂ ಆಗಲೇ ಹೊಳೆದದ್ದು. ಗಾಜಿನ ಬಾಗಿಲಿನ ಹಿಂದೆ ಕಪಾಟಿನಲ್ಲಿ ಜಾಡಿ ತೆಗೆದ ಜಾಗಗಳು ಖಾಲಿ ಇದ್ದವು. ಮೊದಲ ಖಾಲಿ ಜಾಗ ಮೊದಲ ಜಾಡಿಯದು, ನಾಲ್ಕನೆಯದು ನಾಲ್ಕನೆಯದರದು. ಮಕ್ಕಳು ಯೋಚಿಸುತ್ತಿರಲಿಲ್ಲ, ಖಾಲಿ ಜಾಗ ಎಣಿಸುತ್ತಿದ್ದರು. ಮೂತಿ, ಮುಚ್ಚಳ ಕಿತ್ತುಕೊಂಡಿದ್ದಕ್ಕೆ ಅವರು ಜೋಡಣೆಯನ್ನೇ ಬಾಯಿಪಾಠ ಮಾಡಿದ್ದರು. ಸರಳದಿಂದ ಸಂಕೀರ್ಣಕ್ಕೆ, ಒಂದೂ ತಪ್ಪಿಲ್ಲದೆ. ಅಷ್ಟು ಕಷ್ಟಪಟ್ಟು ಅದನ್ನು ಉರುಹೊಡೆಯುವ ಹೊತ್ತಿನಲ್ಲಿ ಒಮ್ಮೆ ಜಾಡಿಯೊಳಗೆ ನೋಡಿದ್ದರೆ ಏನಾಗುತ್ತಿತ್ತೆಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ವರಾಂಡದಲ್ಲಿ ಅವಳನ್ನು ಎಲ್ಲರೂ ಸುತ್ತುವರಿದಿದ್ದರು.

"ಏನೇ, ದೊಡ್ಡ ಸೈಂಟಿಸ್ಟಾ ನೀನು? ಸುಮ್ನಿದ್ದಿದ್ರೆ ಏನಾಗ್ತಿತ್ತು?"

"ಎಲ್ರದ್ದೂ ಒಂದೊಂದು ಹೋಯ್ತಲ್ಲ ಮಗಾ!"

"ನಿಮ್ದು ಒಂದ ಹೋತು" ಎಂದಳು ಅವಳು, ಇನ್ನೂ ಮೂಗು ಒರೆಸಿಕೊಳ್ಳುತ್ತ. "ನಂದು ಎಲ್ಲಾ ಹೋಗ್ತಿತ್ತು."

ಅವಳು ಪಾಸಾದಳು, ಕಷ್ಟದ ಮೇಲೆ. ಡಿಪ್ಲೊಮಾ ಸೇರಿದಳು.

ಮರುವರ್ಷ ಒಂದು ಮಧ್ಯಾಹ್ನ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಪ್ರಯೋಗಾಲಯಕ್ಕೆ ಬಂದಳು. ಆ ಹೊತ್ತಿಗೆ ನಾನು ವಾರಕ್ಕೊಮ್ಮೆ ಕಪಾಟಿನ ಜೋಡಣೆ ಕಲಸುತ್ತಿದ್ದೆ. ನನ್ನ ಸ್ವಭಾವಕ್ಕೆ ಅದೊಂದು ಶಿಕ್ಷೆ. ಜಾಡಿಗಳ ತಳದಲ್ಲಿ ಮಕ್ಕಳು ಗುರುತಿಗೆಂದು ಹಚ್ಚಿದ ನೈಲ್ ಪಾಲಿಶ್‌ನ ಚಿಕ್ಕ ಚಿಕ್ಕ ಬೊಟ್ಟುಗಳು ಕಾಣಿಸಿಕೊಂಡಿದ್ದವು. ಅವನ್ನು ಒರೆಸುತ್ತ ಕೂತಿದ್ದೆ.

"ಮೇಡಂ, ಒಂದ್ ಮಾತ್ ಹೇಳ್ತೀನಿ, ಬೈಬ್ಯಾಡ್ರಿ."

"ಹೇಳು."

"ನೀವು ಬೈದಿದ್ರಲ್ಲ, ರಕ್ತದ ನಳಿಕಿಗೂ ಮುಚ್ಚಳದ ಬಣ್ಣ ನೋಡ್ತೀಯೇನ್ ಅಂತ. ನೋಡೂದ ಹಂಗ್ರಿ! ನೇರಳೆ ಮುಚ್ಚಳದ್ದು ಒಂದ್ ಟೆಸ್ಟಿಗೆ, ಕೆಂಪು ಮುಚ್ಚಳದ್ದು ಬ್ಯಾರೆ ಟೆಸ್ಟಿಗೆ. ಮೊದಲ್ನೇ ದಿನ ಅದನ್ನ ಕಲಿಸ್ತಾರ."

ನಾನು ಕೈಯಲ್ಲಿದ್ದ ಜಾಡಿ ಕೆಳಗಿಟ್ಟೆ. ಅವಳು ನಗುತ್ತಿದ್ದಳು.

"ಆದ್ರ ಒಂದಿನ ಯಾರೋ ಮುಚ್ಚಳ ಅದಲಬದಲ ಹಾಕಿದ್ರು ಮೇಡಂ. ಕೆಂಪು ಮುಚ್ಚಳದ್ದು ಹೆಪ್ಪುಗಟ್ಟಬೇಕು, ಅದರಾಗ ರಕ್ತ ನೀರಿನಂಗ ಓಡಾಡ್ತಿತ್ತು. ಎಲ್ಲಾರೂ ಬಣ್ಣ ನೋಡಿ ಮುಂದ ಕಳಸಾಕತ್ತಿದ್ರು. ನಾ ಹಿಡದ್ಯಾ."

ಎಷ್ಟೋ ತಿಂಗಳಿಂದ ಕುದಿಯುತ್ತಿದ್ದ ನನ್ನ ಮನಸ್ಸು ಅಂದು ಸ್ವಲ್ಪ ತಣ್ಣಗಾಯಿತು. ಈ ಮಾತನ್ನು ಈಗಿನ ಮಕ್ಕಳು ಕೇಳಲೇಬೇಕು ಎನ್ನಿಸಿ, ಗಂಟೆ ಹೊಡೆಯುತ್ತಲೇ ಅವಳನ್ನು ತರಗತಿಗೆ ಕರೆದುಕೊಂಡು ಹೋಗಿ ಎದುರು ನಿಲ್ಲಿಸಿದೆ. ಅವಳು ಎಲ್ಲವನ್ನೂ ಹೇಳಿದಳು: ಮುಚ್ಚಳ ಬದಲಾದದ್ದು, ರಕ್ತ ಹೆಪ್ಪುಗಟ್ಟದೆ ಇದ್ದದ್ದು, ಒಳಗೆ ನೋಡಿದ್ದರಿಂದ ತಪ್ಪು ಸಿಕ್ಕಿದ್ದು. ತರಗತಿ ಎಂದೂ ಇಲ್ಲದಷ್ಟು ಗಮನವಿಟ್ಟು ಕೇಳಿತು. ಪುಸ್ತಕಗಳು ತೆರೆದವು, ಪೆನ್ನುಗಳು ಹೊರಬಂದವು. ನಾನು ಹಿಗ್ಗಿದೆ.

ಮುಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು.

"ಅಕ್ಕಾ, ಕೆಂಪು ಯಾವುದಕ್ಕೆ, ನೇರಳೆ ಯಾವುದಕ್ಕೆ? ಇನ್ನೊಂದ್ಸಲ ಹೇಳಿ, ಬರ್ಕೊಳ್ತೀವಿ."